ಮೂರು ಗುಂಡಿಗಳ ಕರೆಗಂಟೆ

ಸೋಮವಾರ, ೪. ಬೆಳಗ್ಗೆ ೧೧

ಮೈ ಒರೆಸಿ, ಮಗ್ಗುಲು ಬದಲಿಸಿ, ಔಷಧ ಕುಡಿಸಿದ್ದಾಯಿತು. ಹೆಂಡತಿಗೆ ಪಾರ್ಶ್ವವಾಯು ಬಡಿದು ಮಾತು ನಿಂತು ಏಳು ತಿಂಗಳು. ಹಾಸಿಗೆಯ ಪಕ್ಕದ ಕೈಗಂಟೆಯನ್ನು ಮೂರು ದಿನದಿಂದ ಮುಟ್ಟಿಲ್ಲ. ಎಲ್ಲಕ್ಕೂ ಅದೊಂದೇ ಸದ್ದು. ನೀರು ಕೇಳಿದರೆ ಮಗ್ಗುಲು ತಿರುಗಿಸಿದೆ, ಮಗ್ಗುಲು ನೋಯುವಾಗ ನೀರು ತಂದೆ. ಬೇಸತ್ತಿದ್ದಾಳೆ. ಇಂದು ತುಟಿ ಒಣಗಿ ಬಿರಿದಿತ್ತು. ಬಾಯಾರಿದರೂ ಕರೆದಿಲ್ಲ.

ಮೂರು ಗುಂಡಿ, ಮೂರು ಬೇರೆ ಧ್ವನಿ — ನೀರು, ಮಗ್ಗುಲು, ಸುಮ್ಮನೆ ಬನ್ನಿ. ಇಷ್ಟಾದರೆ ಸಾಕು.

ಬುಧವಾರ, ೬. ಸಂಜೆ

ನಾದಿನಿ ಬಂದು ಕುಳಿತಿದ್ದರಿಂದ ರೇಡಿಯೋ ದುರಸ್ತಿ ಅಂಗಡಿಗೆ ಹೋಗಿಬಂದೆ. ಗುಂಡಿಗೊಂದು ಸದ್ದು ಹೊರಡಿಸಬಲ್ಲ, ಉಗುರಿನಷ್ಟು ಚಿಪ್ ಒಂದನ್ನು ಅಂಗಡಿಯಾಕೆ ತೋರಿಸಿದಳು. ಕಂಪ್ಯೂಟರಿನಲ್ಲಿ ಬರೆದ ಸೂಚನೆಗಳನ್ನು ಅದಕ್ಕೆ ಇಳಿಸಲು ‘ಪ್ರೋಗ್ರಾಮರ್’ ಎಂಬ ಸಾಧನ ಬೇಕಂತೆ. ಕನ್ನಡ ಪದ ಹುಡುಕಿದೆ. ಸಿಗಲಿಲ್ಲ. ದಣಿವು... ಹಾಗೆಯೇ ಇರಲಿ.

“ನಾನೇ ಬರ್ದು ಕೊಡ್ತೀನಿ ಬಿಡಿ ತಾತ.”

“ಬೇಡಮ್ಮ. ಸದ್ದು ಅವಳಿಗೆ ಒಪ್ಪೋವರೆಗೂ ಬದಲಾಯಿಸ್ತಾನೇ ಇರಬೇಕು. ಅವಳನ್ನ ಬಿಟ್ಟು ಪ್ರತಿಸಲ ಹೇಗೆ ಬರಲಿ?”

ಎರಡು ಸಾಧನ ಮುಂದಿಟ್ಟಳು. ಒಂದು ದುಬಾರಿ, ತಂತಿ ತಪ್ಪಿದರೂ ತಾಳಿಕೊಳ್ಳುವಂಥದು. ಇನ್ನೊಂದು ಬಹಳ ಅಗ್ಗ.

“ಹೊಸಬರಿಗೆ ಇದೂ ಸಾಕು. ಆದ್ರೆ ತಂತಿ ಉಲ್ಟಾ ಹಾಕಿದ್ರೆ ಚಿಪ್ ಸತ್ತೇಹೋಗತ್ತೆ, ಈಗ್ಲೇ ಹೇಳಿದೀನಿ.”

“ಮುದ್ರಣಾಲಯದಲ್ಲಿ ನಲವತ್ತು ವರ್ಷ ಅಚ್ಚುಮೊಳೆ ಜೋಡಿಸಿದ ಕೈ ಇದು. ಉಲ್ಟಾ ಆಗಲ್ಲ.”

“ಎಲ್ರೂ ನಿಮ್ಮಂಗೇ ಇದ್ದಿದ್ರೆ ನಾನು ಅಂಗಡಿ ಮುಚ್ಕೊಂಡು ಹೋಗ್ಬೇಕಿತ್ತು ತಾತ!”

ಅಗ್ಗದ್ದನ್ನೇ ತಂದೆ.

ಶನಿವಾರ, ೯

ಚಿತ್ರ ನೋಡಿ ಆರು ತಂತಿ ಜೋಡಿಸಿದೆ. ಮೂರು ಸಲ ಪರಿಶೀಲಿಸಿದೆ. ಕಂಪ್ಯೂಟರಿಗೆ ಸಿಕ್ಕಿಸಿದೊಡನೆ ಚಿಪ್ ಕಾದು, ಬೆರಳು ಚುರುಗುಟ್ಟಿ, ಕೋಣೆಯೆಲ್ಲ ಸುಟ್ಟ ವಾಸನೆ. ಅವಳು ಮುಖ ಗೋಡೆಗೆ ತಿರುಗಿಸಿದಳು.

ಗುರುವಾರ, ೧೪

ತಪ್ಪು ಇಂದು ತಿಳಿಯಿತು. ಅಚ್ಚುಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನಂತೆ ತಿರುಗಿರುತ್ತದೆ. ಆಯುಷ್ಯವೆಲ್ಲ ಅದನ್ನೇ ಓದಿದ ಕಣ್ಣು ತಂತಿಯ ಚಿತ್ರವನ್ನೂ ಎಡಬಲ ಮಾಡಿ ಓದಿದೆ. ಮೂರು ಸಲ ಪರಿಶೀಲಿಸಿದ್ದೂ ಅದೇ ಕಣ್ಣು.

ಅಂಗಡಿಯಾಕೆ ಪರೀಕ್ಷಿಸಿದಳು. “ಪ್ರೋಗ್ರಾಮರ್ ಬದುಕಿದೆ, ನಿಮ್ಮ ಪುಣ್ಯ. ಚಿಪ್ ಬೇರೆ ತಗೊಳ್ಳಿ. ದುಬಾರಿದೇ ಕೊಡ್ಲಾ?”

“ಬೇಡ. ಈ ಸಲ ನನ್ನ ಕಣ್ಣನ್ನ ನಂಬಲ್ಲ.”

ಶನಿವಾರ, ೧೬

ಚಿತ್ರವನ್ನು ಅವಳ ಎದುರು ಹಿಡಿದೆ. ಒಂದೊಂದು ತಂತಿಗೂ ರೆಪ್ಪೆ ಮುಚ್ಚಿ ಒಪ್ಪಿಗೆ ಕೊಟ್ಟಳು. ಐದನೆಯದಕ್ಕೆ ಎಡಗೈ ಎತ್ತಿ ತಡೆದಳು. ಮತ್ತೆ ಅದಲುಬದಲು ಮಾಡಿದ್ದೆ! ಏಳು ತಿಂಗಳ ಮೇಲೆ ನನ್ನನ್ನು ತಿದ್ದಿದಳು.

ಬರೆದದ್ದು ಚಿಪ್‌ಗೆ ಇಳಿಯಿತು. ಮೂರೂ ಗುಂಡಿ ನುಡಿದವು.

ಭಾನುವಾರ, ೧೭. ಮಧ್ಯಾಹ್ನ ೩

ಗುಂಡಿಗಳನ್ನು ಕೂರಿಸಿದ ಪೆಟ್ಟಿಗೆ ಅವಳ ಎಡಗೈಯ ಅಡಿಯಲ್ಲಿದೆ. ಬೆಳಗಿನಿಂದ ಒತ್ತಿಲ್ಲ. ನಾನಾಗಿ ವಿಚಾರಿಸಬಾರದೆಂದು ಅಡುಗೆಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನೀರು ಕುಡಿದು ನಾಲ್ಕು ತಾಸಾಯಿತು. ಇಷ್ಟೆಲ್ಲ ವ್ಯರ್ಥವೇನೋ. ಇನ್ನು ಹತ್ತು ನಿಮಿಷ ನೋಡಿ ನಾನೇ ಎದ್ದು —

ಸದ್ದಾಯಿತು. ನೀರಿನದಲ್ಲ. ಮಗ್ಗುಲಿನದೂ ಅಲ್ಲ. ಮೂರನೆಯದು! ‘ಸುಮ್ಮನೆ ಬನ್ನಿ’ —