ಕೆಟಲ್ ಹಿಡಿದ ದೊಡ್ಡ ಡಾಕ್ಟರು

ನರೀನ್ ನದಿ ದಂಡೆಯ ಪೇಟೆಯಿಂದ

ತಂಗೀ ಬುರುಲ್,

ಸೊಸೆಗೆ ಹೆಣ್ಣು ಮಗು. ಇಬ್ಬರೂ ಕ್ಷೇಮ.

ಇಲ್ಲಿ ಹುಟ್ಟಿದ ಕೂಸುಗಳ ಮೈ ಚಳಿಗೆ ತಣ್ಣಗಾಗುತ್ತದೆಂದು ನಾನು ಹೆದರಿದ್ದೆನಲ್ಲ, ಅದನ್ನು ಸರಿಪಡಿಸಲು ಆಸ್ಪತ್ರೆಯವರಿಗೆ ನೆರವಾಗಲೆಂದು ಚಿನಾರಾ ಎಂಬವಳು ಬಂದಿದ್ದಾಳೆ. ಮನೆಯವರ ಮಾತೂ ಬೇಕೆಂದು ಸೋಮವಾರದ ಸಭೆಗೆ ನನ್ನನ್ನೂ ಕರೆದಳು. ದೊಡ್ಡ ಡಾಕ್ಟರ ಎದುರು ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಚಿನಾರಾ ಚಹಾದ ಕೆಟಲನ್ನು ಅವರ ಕೈಗೇ ಕೊಟ್ಟುಬಿಟ್ಟಳು!

"ಇವತ್ತು ನೀವೇ ಮನೆಯ ಕಿರಿ ಸೊಸೆ, ಡಾಕ್ಟ್ರೇ. ಚಹಾ ಹಾಕೋರು ಮಾತಾಡೋ ಹಾಗಿಲ್ಲ."

ಪಾಪ, ಅವರು ಬಟ್ಟಲನ್ನು ಅಂಚಿನವರೆಗೂ ತುಂಬಿಸಿದರು.

"ಅಯ್ಯೋ, ತುಂಬಿದ ಬಟ್ಟಲು ಕೊಟ್ರೆ ಕುಡಿದು ಎದ್ದು ಹೋಗಿ ಅಂತ ಅರ್ಥ ಡಾಕ್ಟ್ರೇ!" ಎಂದಳು ನರ್ಸ್ ಜಿಪಾರ್. ಎಲ್ಲರೂ ನಕ್ಕರು, ಡಾಕ್ಟರೂ.

"ಯಾರ ತಪ್ಪು ಅಂತ ಕೇಳ್ತಿಲ್ಲ. ಮಗು ಎಲ್ಲಿ ತಣ್ಣಗಾಗುತ್ತೆ, ಹೇಳಿ," ಎಂದಳು ಚಿನಾರಾ.

ತೂಕ ನೋಡಲು ಕೂಸನ್ನು ಚಳಿ ಕೊರೆಯುವ ಪಡಸಾಲೆ ದಾಟಿಸುತ್ತಾರೆಂದು ಒಬ್ಬೊಬ್ಬರಾಗಿ ಹೇಳಿದರು. ಅದಕ್ಕೇನು ಮಾಡಬೇಕೆಂದು ಚಿನಾರಾ ತಾನಾಗಿ ಹೇಳಲೇ ಇಲ್ಲ. ಮೊದಲು ತಾಯಿಯ ಎದೆಯ ಮೇಲೆ ಮಲಗಿಸೋಣ, ತೂಕ ಆಮೇಲೆ ಎಂದು ಆಸ್ಪತ್ರೆಯವರೇ ನಿರ್ಧರಿಸಿದರು.

"ಒಂದೇ ಒಂದು ಮಗುವಿಗೆ ಮಾಡಿ ನೋಡೋಣ," ಎಂದಳು ಚಿನಾರಾ.

ಸಭೆಯ ಬಳಿಕ ಹುಟ್ಟಿದ ಆ ಒಂದು ಮಗು ನಮ್ಮದೇ ಆಯಿತು. ತಾಯಿಯ ಎದೆಯ ಮೇಲಿದ್ದ ಕೂಸಿನ ಪಾದ ಮುಟ್ಟಿ ನೋಡಿದೆ, ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿಯ ಹಾಗೆ ಬೆಚ್ಚಗಿತ್ತು.

ನನ್ನ ಮಂಡಿ ಪರವಾಗಿಲ್ಲ. ಉಣ್ಣೆಯ ಹೊದಿಕೆ ಕಳಿಸು. ಕಾಗದದಲ್ಲಿ ಜಾಗ ಮುಗಿಯಿತು, ಡಾಕ್ಟರೂ ಕೆಟಲ್ ಹಿಡಿದು ಈ ಕಡೆಗೇ ಬರುತ್ತಿದ್ದಾರೆ. ಈಗ ಅರ್ಧ ಬಟ್ಟಲೇ ಹಾಕುತ್ತಾರೆ.

ನಿನ್ನ ಅಕ್ಕ ಅನಾರ್ಖಾನ್