ವಾಸನೆ ಬಾರದ ಮೆಷಿನ್ನು

ಸೀತಕ್ಕನಿಗೆ ಕೊಪ್ಪದಿಂದ ತಮ್ಮ ಗಿಡ್ಡಯ್ಯ ಮಾಡುವ ನಮಸ್ಕಾರ.

ಫೋನು ಇರುವಾಗ ಇವನಿಗೆ ಕಾಗದ ಬರೆಯುವ ರೋಗ ಯಾಕೆ ಬಂತು ಅಂತ ನೀನು ಕೇಳುತ್ತೀಯ. ಫೋನು ಮಾಡಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ನಾನು ಏನೋ ಹೇಳುತ್ತೇನೆ, ನೀನು ನಗುತ್ತೀಯ, ನಕ್ಕ ಕೂಡಲೇ ಕೆಮ್ಮು ಹಿಡಿದುಕೊಳ್ಳುತ್ತದೆ. ಹೋದ ಸಲ ನೀನು ಕೆಮ್ಮುತ್ತಾ ಫೋನನ್ನು ಮಗಳ ಕೈಗೆ ಕೊಟ್ಟೆಯಲ್ಲ, ಆಗ ರೇಖಾ, "ಮಾವ, ಸ್ವಲ್ಪ ದಿನ ಅಮ್ಮನ್ನ ನಗಿಸ್ಬೇಡಿ" ಅಂದಳು. ಬುದ್ಧಿ ಬಂದಾಗಿನಿಂದ ನೆಟ್ಟಗೆ ಮಾಡಿಕೊಂಡು ಬಂದ ಒಂದೇ ಕೆಲಸದಿಂದ ನನ್ನನ್ನು ತೆಗೆದುಹಾಕಿದ ಹಾಗಾಯಿತು. ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿನವನ ಅಕ್ಷರ, ರೇಖಾ, ನಿಧಾನವಾಗಿ ಓದಿ ಹೇಳು. ನಗು ಬರುವ ಕಡೆ ನಿಲ್ಲಿಸಿ ಅಮ್ಮನಿಗೆ ಬಿಸಿನೀರು ಕೊಡು.

ಅಕ್ಕ, ನೀನು ಕೆಲಸಕ್ಕಿದ್ದ ಶೃಂಗೇರಿಯ ಆ ಲಾಡ್ಜು ನಿನಗೆ ಕನಸಿನಲ್ಲಿ ಬರುತ್ತದಾ? ನನಗೆ ಬರುತ್ತದೆ. ಬೆಳಕು ಹರಿಯುವ ಮೊದಲೇ ನೀನು ಹಿತ್ತಲಿನ ದೊಡ್ಡ ಹಂಡೆಯ ಒಲೆ ಹಚ್ಚುತ್ತಿದ್ದೆ. ಹಸಿ ಸೌದೆ, ಊದಿ ಊದಿ ನಿನ್ನ ಕಣ್ಣು ಕೆಂಪು. ಮೇಲಿಂದ ಯಾತ್ರಿಕರು "ಬಿಸಿನೀರು, ಬಿಸಿನೀರು" ಅಂತ ಕೂಗುತ್ತಿದ್ದರು. ಯಾರಾದರೂ ರೂಮು ಬಿಟ್ಟುಹೋದರೆ ಗುಡಿಸಿ, ಒರೆಸಿ, ಕೊನೆಗೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಬಾಗಿಲು ಮುಚ್ಚುತ್ತಿದ್ದೆ. ಹೊಸಬರು ಬಾಗಿಲು ತೆಗೆದವರೇ ಮೂಗೆಳೆದು, "ಎಷ್ಟು ಚೊಕ್ಕ ಇಟ್ಟಿದ್ದೀರಮ್ಮಾ" ಅನ್ನುತ್ತಿದ್ದರು. ಆಗ ನೀನು ನನ್ನ ಕಡೆ ತಿರುಗಿ, "ಗುಡಿಸಿದ್ದು ಯಾರ ಕಣ್ಣಿಗೂ ಬೀಳಲ್ಲ ಮಾರಾಯ, ವಾಸನೆ ಬಂದ್ರೇ ಕ್ಲೀನು" ಅನ್ನುತ್ತಿದ್ದೆ.

ಅಮ್ಮ ಹೋದ ಮೇಲೆ ನಾನು ನಿದ್ದೆ ಮಾಡಿದ್ದು ನಿನ್ನ ಸೆರಗಿಗೆ ಮೂಗು ಒತ್ತಿಕೊಂಡು. ಹೊಗೆ, ಸಾಂಬ್ರಾಣಿ, ಒಂದಿಷ್ಟು ಸೋಪು. ಬೇರೆ ಮಕ್ಕಳಿಗೆ ಅಮ್ಮನ ವಾಸನೆ ಹೇಗಿರುತ್ತದೋ, ನನಗೆ ಅದೇ. ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ನೀರಿಗೆ ಕಾಯುವವರ ಹಾಗೆ ನಾನು ಕುಣಿದು ತೋರಿಸಿದರೆ ನೀನು ಹಂಡೆ ಹಿಡಿದುಕೊಂಡು ನಗುತ್ತಿದ್ದೆ. ಒಂದು ಸಲ ನಿಜವಾಗಿಯೂ ಅರ್ಧ ಸೋಪಿನ ಒಬ್ಬರು ಹಿಂದೆ ಬಂದು ನಿಂತಿದ್ದರು. ಅವರೂ ನಕ್ಕರು, ಪುಣ್ಯಾತ್ಮರು.

ಅದೇ ಪಾಠ ನನ್ನ ತಲೆಯಲ್ಲಿತ್ತು ನೋಡು. ನಿನ್ನ ಕೆಮ್ಮಿಗೆ ಒಳ್ಳೆಯದು ಅಂತ ರೂಮಿಗೆ ಗಾಳಿ ಸೋಸುವ ಏರ್ ಪ್ಯೂರಿಫೈಯರ್ ತರಲು ಅಂಗಡಿಗೆ ಹೋದಾಗ ಒಂದು ಮೆಷಿನ್ನು ಹಾಕಿ ತೋರಿಸಿದರು. ಗುಡುಗಿನ ಮಳೆ ಬಂದು ನಿಂತ ಮೇಲೆ ಬರುತ್ತದಲ್ಲ, ಅಂಥ ವಾಸನೆ. ವಾಸನೆ ಬಂದ್ರೇ ಕ್ಲೀನು ಅಂತ ಅದನ್ನೇ ನನ್ನ ಆಟೋಗೆ ಏರಿಸಿಕೊಂಡು ನರಸಿಂಹರಾಜಪುರದ ನಿಮ್ಮ ಮನೆಗೆ ಬಂದೆ. ನಿನಗೂ ಭಾರೀ ಇಷ್ಟವಾಯಿತು. ಕೆಮ್ಮು ಮಾತ್ರ ಜಾಸ್ತಿಯಾಯಿತು.

ಮೆಷಿನ್ನಿನ ಸುದ್ದಿ ಹೇಳಿದ ಕೂಡಲೇ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, ಅದರಿಂದ ವಾಸನೆ ಬರುತ್ತದಾ ಅಂತ. ನಾನು ಹೆಮ್ಮೆಯಿಂದ, "ಬರ್ತದೆ ಡಾಕ್ಟ್ರೇ, ಮಳೆಗಾಲದ ಹಾಗೆ" ಅಂದೆ. "ಅದು ಓಝೋನ್ ಇರ್ಬೇಕು. ಎದೆಗೆ ಉರಿ ತರ್ತದೆ, ಇವತ್ತೇ ನಿಲ್ಸಿ" ಅಂದರು. ಆಮೇಲೆ ಬಿಡಿಸಿ ಹೇಳಿದರು. ಒಳ್ಳೆಯ ಮೆಷಿನ್ನು ಅಂದರೆ ಒಂದು ಫ್ಯಾನು, ಮುಂದೆ ಜರಡಿ. ಕೂದಲು, ದಪ್ಪ ಧೂಳು ಮೊದಲ ಬಲೆಯಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣದ ಹೊಗೆಯ ಕಣ ಮಡಿಕೆ ಮಡಿಕೆಯಾದ ಹೆಪಾ ಫಿಲ್ಟರಿನಲ್ಲಿ ಸಿಕ್ಕಿಬೀಳುತ್ತದೆ. ಇದ್ದಿಲಿನ ಪದರ ಇದ್ದರೆ ಅದು ಒಂದಿಷ್ಟು ವಾಸನೆ ಹೀರುತ್ತದೆ. "ಅದು ಗಾಳಿಯಿಂದ ತೆಗೀಬೇಕು, ಗಾಳಿಗೆ ಏನೂ ಸೇರಿಸ್ಬಾರ್ದು" ಅಂದರು. ಓಝೋನ್, ಅಯಾನ್ ಅಂತ ಬರೆದದ್ದು ಬೇಡ, ರೂಮಿನ ಅಳತೆಗೆ ಸಾಲುವಂಥದ್ದು ನೋಡಿ ಅಂದರು.

ಎರಡನೇ ಸಲ ಅಂಗಡಿಯಲ್ಲಿ ಒಂದೊಂದು ಮೆಷಿನ್ನಿಗೂ ಮೂಗು ಇಟ್ಟು ಮೂಸಿದೆ. ಅಂಗಡಿಯವರು ನೋಡುವಷ್ಟು ನೋಡಿ, "ಎಂತ ಮಾರಾಯ್ರೇ, ಮೆಷಿನ್ ತಗೊಳ್ತೀರೋ, ಹಲಸಿನ ಹಣ್ಣು ತಗೊಳ್ತೀರೋ" ಅಂದರು. ಯಾವುದಕ್ಕೆ ಏನೂ ವಾಸನೆ ಇರಲಿಲ್ಲವೋ, ಡಬ್ಬಿಯ ಮೇಲೆ ನಿನ್ನ ರೂಮಿಗೆ ಸಾಲುವ ಅಳತೆ ಇತ್ತೋ, ಅದನ್ನು ತಂದೆ.

ವಾಸನೆ ಇಲ್ಲದ್ದಕ್ಕೆ ನಿನಗೆ ಅದರ ಮೇಲೆ ನಂಬಿಕೆಯೇ ಬರಲಿಲ್ಲ. ಹೋದ ವಾರ ಬಂದಾಗ ನೋಡುತ್ತೇನೆ, ಮೆಷಿನ್ನಿನ ಮುಂದೆ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ. "ಹೀಗೆ ಮಾಡಿದ್ರೆ ಕೆಂಪು ಲೈಟು ಹತ್ತಿ ಜೋರಾಗಿ ಓಡ್ತದೆ ಕಣೋ, ಇಲ್ದಿದ್ರೆ ಸುಮ್ನೆ ಕೂತಿರ್ತದೆ" ಅಂದೆ ನೀನು. ಅದಕ್ಕೂ ಕೆಲಸ ಕೊಡುವವಳು ನೀನು. ಅಕ್ಕ, ಅದು ಸುಮ್ಮನೆ ಮೆಲ್ಲಗೆ ಓಡಿದರೆ ನಿನ್ನ ಗಾಳಿ ಚೆನ್ನಾಗಿದೆ ಅಂತ ಅರ್ಥ.

ಅವತ್ತು ಹೊಸ ಫಿಲ್ಟರು ಹಾಕಿ, ಹಳೆಯದನ್ನು ಆಟೋದಲ್ಲಿ ಇಟ್ಟುಕೊಂಡು ಹೊರಟೆ. ಬಾಳಗಡಿ ಹತ್ತಿರ ನಿಲ್ಲಿಸಿ ತೆಗೆದು ನೋಡಿದೆ. ಬಿಳಿ ಇದ್ದದ್ದು ಕಪ್ಪಾಗಿತ್ತು. ಮೂಸಿದೆ. ಲಾಡ್ಜು ಅಕ್ಕ. ಅದೇ ಹೊಗೆ, ಅದೇ ಸಾಂಬ್ರಾಣಿ, ನಿನ್ನ ಸೆರಗು. ರಸ್ತೆ ಬದಿಯಲ್ಲಿ ಕೂತು ಅತ್ತೆ. ಮನೆಗೆ ಒಯ್ದು ಇಟ್ಟುಕೊಳ್ಳೋಣ ಅನ್ನಿಸಿತು. ಆಮೇಲೆ ಹೊಳೆಯಿತು, ನಾನು ಇಷ್ಟು ಪ್ರೀತಿಯಿಂದ ಮೂಸುತ್ತಿರುವುದು ಅಷ್ಟು ವರ್ಷ ನಿನ್ನ ಎದೆಯಲ್ಲಿ ಹೀಗೇ ಕೂತಿತ್ತು. ಮೆಷಿನ್ನಿಗೆ ಹೊಸ ಫಿಲ್ಟರು ಸಿಗುತ್ತದೆ. ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಹಾಕಿದೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ರೂಮಿನಲ್ಲಿ ಇನ್ನು ಕೆಂಡ ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿಯನ್ನು ಈ ಮೆಷಿನ್ನು ಹಿಡಿಯುವುದಿಲ್ಲ ಅಂತಲೂ ಡಾಕ್ಟರು ಹೇಳಿದ್ದಾರೆ. ಮದ್ದು ಬಿಡಬೇಡ, ಅದರ ಕೆಲಸವನ್ನು ಮೆಷಿನ್ನು ಮಾಡುವುದಿಲ್ಲ. ವಾಸನೆ ಇಲ್ಲದ ರೂಮು ನಿನಗೆ ಯಾರದೋ ಮನೆಯ ಹಾಗೆ ಅನ್ನಿಸಬಹುದು, ನನಗೂ ಅನ್ನಿಸಿತು. ನಾವು ಯಾವತ್ತೂ ಅಂಥ ರೂಮಿನಲ್ಲಿ ಮಲಗಿದವರಲ್ಲವಲ್ಲ.

ಉಸಿರು ಸಲೀಸಾಗಿ ಆಡಿದ ದಿನ ನೀನೇ ಫೋನು ಮಾಡು. ಅರ್ಧ ಸೋಪಿನವರ ಕಥೆ ಮತ್ತೆ ಹೇಳುತ್ತೇನೆ. ಕಥೆ ಹಳೆಯದೇ ಇರಲಿ, ನನಗೆ ನಿನ್ನ ನಗು ಪೂರ್ತಿ ಕೇಳಬೇಕು.

ಕಿರಿಯವನು ನಿನ್ನನ್ನು ಹರಸುವ ಹಾಗಿಲ್ಲ. ನೀನೇ ನನ್ನನ್ನು ಹರಸು, ಅದೂ ಒಂದೇ ಉಸಿರಿನಲ್ಲಿ.

ಕೆಲಸ ಕಳೆದುಕೊಂಡು ಕಾಯುತ್ತಿರುವ ನಿನ್ನ ತಮ್ಮ,
ಗಿಡ್ಡಯ್ಯ