ಕೆಂಚಿಯ ಶುಕ್ರವಾರ

ಯಲಬುರ್ಗಾ
೯ ಜನವರಿ ೨೦೨೫, ಗುರುವಾರ ಬೆಳಿಗ್ಗೆ

ಪ್ರೀತಿಯ ತಂಗಿ ಶೈಲಜಾ,

ಹೇಗಿದ್ದೀಯ? ನೆಗಡಿ ಬಿಟ್ಟಿತೇ? ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣು, ಬೇಕಾದರೆ ಕಟಕ ರೊಟ್ಟಿ ಮಾಡಿ ಕಳಿಸುತ್ತೇನೆ. ಇಲ್ಲಿ ಅಪ್ಪ ಆರಾಮ ಇದ್ದಾನೆ. ಆರಾಮ ಅಂದರೆ ಸಾಲದು, ಕುಣಿಯುವುದೊಂದು ಬಾಕಿ. ನಾಳೆ ದನದ ಡಾಕ್ಟರು ಕೊಪ್ಪಳದ ನಿಮ್ಮ ಲ್ಯಾಬಿನಿಂದ ನೀನು ಬೆಳೆಸಿದ ಭ್ರೂಣ ತಂದು ನಮ್ಮ ಆಕಳು ಕೆಂಚಿಯ ಗರ್ಭದಲ್ಲಿ ಇಡುತ್ತಾರಲ್ಲ, ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯವರೆಗೂ ಸುದ್ದಿ ಮುಟ್ಟಿಸಿದ್ದಾನೆ. "ನಮ್ಮ ಶೈಲಿ ಗಾಜಿನ ತಟ್ಟಿಯಾಗ ಕರಾ ಬೆಳಸ್ಯಾಳ, ನೋಡ್ರಿ!" ಅದನ್ನು ನಾನು ದಿನಕ್ಕೆ ಹತ್ತು ಸಲ ಕೇಳಬೇಕು.

ನಿಜ ಹೇಳಲೇ? ನನಗೆ ಹೊಟ್ಟೆಕಿಚ್ಚು. ಹದಿನೆಂಟು ವರ್ಷದಿಂದ ಸಗಣಿ ಬಾಚಿದವಳು ನಾನು. ಕೆಂಚಿ ನನ್ನ ಕೈಗಲ್ಲದೆ ಹಾಲು ಇಳಿಸುವುದಿಲ್ಲ. ಆದರೂ ಅಪ್ಪನ ಬಾಯಲ್ಲಿ ಒಂದು ದಿನವೂ "ನಮ್ಮ ಪಕ್ಕೀರವ್ವ" ಅಂತ ಬಂದಿಲ್ಲ. ಹೆಸರನ್ನೇ ನೋಡು, ನನಗೆ ಅಜ್ಜಿಯದು ಹಚ್ಚಿದರು, ನಿನಗೆ ಆರಿಸಿ ಇಟ್ಟರು. ನಿನ್ನ ಮೇಲಷ್ಟೇ ಅಲ್ಲ, ಕಣ್ಣಿಗೆ ಕಾಣದ ಆ ಭ್ರೂಣಗಳ ಮೇಲೂ ನನಗೆ ಹೊಟ್ಟೆಕಿಚ್ಚೇ. ಅವಕ್ಕೆ ಯಾವಾಗಲೂ ಆಕಳ ಮೈಯಷ್ಟು ಬಿಸಿ ಇರಬೇಕಂತೆ. ನನಗೆ ಜ್ವರ ಬಂದಾಗ ಯಾರೂ ಒಂದು ಕೌದಿ ಹೊದಿಸಲಿಲ್ಲ. ನೀನು ಫೋನ್ ಮಾಡಿದರೂ ಅವುಗಳ ಮಾತೇ.

ದೀಪಾವಳಿಗೆ ಬಂದಾಗ ಒಲೆಯ ಮುಂದೆ ಕೂತು ಹೇಳಿದ್ದೆಯಲ್ಲ, ಒಂದು ಕೋಶ ಎರಡಾಗಿ, ನಾಲ್ಕಾಗಿ, ಎಂಟಾಗುವ ಹೊತ್ತಿಗೆ ತಟ್ಟೆಯ ಬಹಳಷ್ಟು ಭ್ರೂಣ ಅಲ್ಲೇ ನಿಂತುಬಿಡುತ್ತವೆ ಅಂತ. ಆಕಳ ಒಡಲಲ್ಲಾದರೆ ಬೆಳೆಸುವ ಅಂಶಗಳು ತಾವಾಗಿ ಒಸರುತ್ತವೆ, ಗಾಜಿನಲ್ಲಾದರೆ ಅವು ಬೆಳೆಯುವ ದ್ರವದ ಹನಿಯಲ್ಲಿ ನಾವೇ ಬೆರೆಸಬೇಕು, ಕಡಿಮೆಯಾದರೂ ಆಗದು, ಹೆಚ್ಚಾದರೂ ಆಗದು. "ಅಕ್ಕಾ, ಅದು ಊಟ ಅಲ್ಲ, 'ಬೆಳಿ' ಅಂತ ಹೇಳೋ ಮಾತು ಅಷ್ಟ" ಅಂದಿದ್ದೆ. ನಾನು ರೊಟ್ಟಿ ತಿರುವಿ ಹಾಕಿದೆ. ನಾನೂ ಎಂಟನೆಯ ತರಗತಿಯಲ್ಲಿ ನಿಂತವಳು. ಅವ್ವ ತೀರಿಕೊಂಡ ವರ್ಷ ಅದು. ನೀನು ಆಗಿನ್ನೂ ಒಂದನೆಯ ತರಗತಿ, ಜಡೆ ಹಾಕಿ ಶಾಲೆಗೆ ಕಳಿಸುವವರು ಬೇಕಿತ್ತು. ಮುಂದೆ ಓದು ಅಂತ ನನಗೆ ಯಾರೂ ಅನ್ನಲಿಲ್ಲ. ನಿನಗೆ ದಿನಾ ಅಂದವಳು ನಾನು.

ಭ್ರೂಣಕ್ಕೆ ಏಳು ದಿನ ಆದಾಗ ಆಕಳು ಬೆದೆಗೆ ಬಂದೂ ಏಳೇ ದಿನ ಆಗಿರಬೇಕು, ಎರಡು ದಿನ ತಪ್ಪಿದರೆ ಗರ್ಭ ನಿಲ್ಲುವುದು ಕಷ್ಟ ಅಂತ ಡಾಕ್ಟರು ಎರಡೆರಡು ಸಲ ಕೇಳಿ ದಿನ ಬರೆದುಕೊಂಡರು. ನಮ್ಮ ಓಣಿಯ ದನಗಳ ಬೆದೆಗೆಲ್ಲ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಡುವವಳು ನಾನೇ ತಾನೇ? ಹೋದ ಶುಕ್ರವಾರ ಅಂದೆ. ನಿನ್ನೆ ನೀನು ಫೋನಿನಲ್ಲಿ, ಹೋದ ಸಲ ಒಂದೂ ಉಳಿಯಲಿಲ್ಲ, ಈ ಸಲ ಒಂದೇ ಒಂದು ಎಂಟು ದಾಟಿ ಗಟ್ಟಿ ಉಂಡೆಯಾಗಿದೆ, ಅದೂ ಹೋದರೆ ನನ್ನ ವರ್ಷವೆಲ್ಲ ಹೋಯಿತು ಅಂತ ಅತ್ತುಬಿಟ್ಟೆ. ಫೋನಿಟ್ಟ ಮೇಲೆ ಹೋಗಿ ಕ್ಯಾಲೆಂಡರಿನ ಮುಂದೆ ನಿಂತೆ.

ಓಣಿಯ ಮಾಂತೇಶ ಕೊಪ್ಪಳದ ಬಸ್ಸಿಗೆ ಹೊರಟಿದ್ದಾನೆ, ಇದನ್ನು ಅವನ ಕೈಗೇ ಕೊಡುತ್ತೇನೆ. ಹಿಡಿದ ಕೆಲಸ ಕೈಗೂಡಲಿ, ತಣ್ಣಗೆ ಬಾಳು.

ನಿನ್ನ ಅಕ್ಕ,
ಪಕ್ಕೀರವ್ವ

ತಾ.ಕ.: ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಶುಕ್ರವಾರ ಬೆದೆಗೆ ಬಂದದ್ದು ಕೆಂಚಿ ಅಲ್ಲ, ಪಕ್ಕದ ಮನೆಯ ಮೆಹಬೂಬಬೀಯ ಆಕಳು. ಕೆಂಚಿ ಬಂದದ್ದು ಭಾನುವಾರ. ಬೇಕೆಂದೇ ಸುಳ್ಳು ಹೇಳಿದೆ, ನೀನೂ ಒಂದು ಸಲ ಸೋಲಲಿ ಅಂತ. ನಾಳೆ ಭ್ರೂಣವನ್ನು ಅವಳ ಆಕಳಿಗೇ ಇಡಿಸು. ಅದಕ್ಕೆ ಹೋರಿ ಕೊಡಿಸಿಲ್ಲ, ಅವಳನ್ನು ಈಗಷ್ಟೇ ಹೋಗಿ ಒಪ್ಪಿಸಿ ಬಂದೆ. ಕರು ಅವರ ಅಂಗಳದಲ್ಲಿ ಹುಟ್ಟುತ್ತದೆ, ಅಪ್ಪ ನನ್ನನ್ನು ಬಯ್ಯುತ್ತಾನೆ, ಬಯ್ಯಲಿ. ಡಾಕ್ಟರ ಜೊತೆ ನೀನೂ ಬಾ. ಅಪ್ಪನಿಗೆ ನಾನೇ ಹೇಳುತ್ತೇನೆ. "ಹೇಳು ಅಕ್ಕಾ" ಅನ್ನಲು ನೀನು ಪಕ್ಕದಲ್ಲಿರಬೇಕು.